ಒಂದೇ ಆರ್ಕಿಡ್‌ಗೆ ಮೂರು ಹೆಸರು: ವಾಂಡಾ ಬಳಗದ ಕಥೆ

ಬೆಂಗಳೂರಿನ ನರ್ಸರಿಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ಈಗ ಒಂದು ಬಗೆಯ ಗಿಡ ಸಾಮಾನ್ಯವಾಗಿ ಕಾಣಸಿಗುತ್ತದೆ. ಮಣ್ಣಿರುವುದಿಲ್ಲ. ಸಣ್ಣ ಬುಟ್ಟಿಯಿಂದಲೋ ತಂತಿಯಿಂದಲೋ ತೂಗುತ್ತಿರುತ್ತದೆ, ಬೇರುಗಳೆಲ್ಲ ಗಾಳಿಯಲ್ಲಿ ಇಳಿಬಿದ್ದಿರುತ್ತವೆ. ನೇರಳೆ, ನೀಲಿ, ಕಿತ್ತಳೆ, ಗುಲಾಬಿ ಬಣ್ಣದ ದೊಡ್ಡ ಚಪ್ಪಟೆ ಹೂವು. ಒಂದು ಅಂಗಡಿಯಲ್ಲಿ ಅದರ ಚೀಟಿಯ ಮೇಲೆ ವಾಂಡಾ ಎಂದಿದ್ದರೆ, ಇನ್ನೊಂದರಲ್ಲಿ ಅಂಥದ್ದೇ ಗಿಡಕ್ಕೆ ಅಸ್ಕೊಸೆಂಡಾ ಎಂದಿರುತ್ತದೆ. ಹಳೆಯ ಪುಸ್ತಕದಲ್ಲಿ ನಿಯೋಫಿನೆಟಿಯಾ ಎಂದಿದ್ದ ಗಿಡ ಹೊಸ ಪಟ್ಟಿಯಲ್ಲಿ ವಾಂಡಾ ಫಾಲ್ಕಾಟಾ ಆಗಿದೆ. ಸಿಂಗಪುರದ ರಾಷ್ಟ್ರೀಯ ಹೂವಾದ ವಾಂಡಾ ಮಿಸ್ ಜೋಕಿಂ ಈಗ ವಾಂಡಾನೇ ಅಲ್ಲವಂತೆ.

ಹೊಸದಾಗಿ ಗಿಡ ಸಾಕುವವರಿಗೆ ಇದರಿಂದ ತಲೆ ಕೆಡುತ್ತದೆ. ಸುಮ್ನೆ ಹೆಸರು ಬದಲಾಯಿಸಿ ಇವರಿಗೇನು ಸಿಗುತ್ತದೆ ಅಂತ ಅನ್ನಿಸುವುದು ಸಹಜ. ಆದರೆ ಇದರ ಹಿಂದೆ ಒಂದು ಸ್ಪಷ್ಟವಾದ ಕಾರಣವಿದೆ. ಅದು ಅರ್ಥವಾಗಬೇಕಾದರೆ ಮೊದಲು ಈ ಗಿಡ ಹೇಗೆ ಬದುಕುತ್ತದೆ ಎಂದು ನೋಡಬೇಕು, ಆಮೇಲೆ ಹೆಸರಿನ ವಿಚಾರ.

## ಇದು ಬಂದಳಿಕೆ ಅಲ್ಲ

ಆರ್ಕಿಡ್ ಮಲೆನಾಡಿನವರಿಗೆ ಹೊಸದಲ್ಲ. ಮಳೆಗಾಲ ಹತ್ತಿರ ಬಂದಾಗ ಮರದ ಕೊಂಬೆಯಿಂದ ಗೊಂಚಲಾಗಿ ಇಳಿಬೀಳುವ ಸೀತಾಳೆ ದಂಡೆ ಆರ್ಕಿಡ್ಡೇ. ಅದರ ಸಸ್ಯಶಾಸ್ತ್ರೀಯ ಹೆಸರು ರಿಂಕೊಸ್ಟೈಲಿಸ್ ರೆಟುಸಾ. ಅಸ್ಸಾಮಿನವರು ಅದನ್ನೇ ಕೊಪೌ ಫೂಲ್ ಎಂದು ಕರೆದು ಬಿಹು ಹಬ್ಬದಲ್ಲಿ ಮುಡಿಯುತ್ತಾರೆ. ವಾಂಡಾ ಈ ಸೀತಾಳೆ ದಂಡೆಯ ಹತ್ತಿರದ ನೆಂಟ.

ವಾಂಡಾ ಬಳಗದಲ್ಲಿ ಹೆಚ್ಚೂಕಡಿಮೆ 80 ಪ್ರಭೇದಗಳಿವೆ. ಯಾರ ಪಟ್ಟಿ ನೋಡುತ್ತೀರಿ ಎಂಬುದರ ಮೇಲೆ ಈ ಲೆಕ್ಕ ಸ್ವಲ್ಪ ಹಿಂದೆಮುಂದೆ ಆಗುತ್ತದೆ. ಭಾರತ, ಶ್ರೀಲಂಕಾದಿಂದ ಹಿಡಿದು ಮ್ಯಾನ್ಮಾರ್, ಥಾಯ್ಲೆಂಡ್, ದಕ್ಷಿಣ ಚೀನಾ, ಫಿಲಿಪ್ಪೀನ್ಸ್, ಇಂಡೊನೇಷ್ಯಾ, ನ್ಯೂಗಿನಿಯವರೆಗೆ ಇವು ಹರಡಿವೆ. ಉತ್ತರದಲ್ಲಿ ಜಪಾನ್‌ವರೆಗೆ ಒಂದು ಮುಟ್ಟಿದೆ, ದಕ್ಷಿಣದಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯವರೆಗೆ ಇನ್ನೊಂದು.

ಹೆಚ್ಚಿನವು ಮರದ ಮೇಲೆ ಬೆಳೆಯುತ್ತವೆ. ನಮ್ಮಲ್ಲಿ ತೋಟದ ಮಾವಿನ ಮರದಲ್ಲಿ ಇಂಥ ಗಿಡ ಕಂಡರೆ ಬಂದಳಿಕೆ ಎಂದುಕೊಂಡು ಕೆರೆದು ತೆಗೆಯುವವರು ಇದ್ದಾರೆ. ಇದು ತಪ್ಪು ತಿಳಿವಳಿಕೆ. ಬಂದಳಿಕೆ ಮರದ ಒಳಕ್ಕೆ ಬೇರಿಳಿಸಿ ಅದರ ನೀರು, ಸಾರವನ್ನು ಹೀರುತ್ತದೆ. ವಾಂಡಾ ತೊಗಟೆಯ ಹೊರಮೈಗೆ ಅಂಟಿಕೊಂಡಿರುತ್ತದೆ, ಅಷ್ಟೇ. ಮರದಿಂದ ಅದಕ್ಕೆ ಬೇಕಾದದ್ದು ಎತ್ತರ, ಗಾಳಿ ಮತ್ತು ಬೆಳಕು. ನೀರು ಮಳೆಯಿಂದ, ಮಂಜಿನಿಂದ ಬರುತ್ತದೆ. ಪೋಷಕಾಂಶ ತೊಗಟೆಯ ಮೇಲೆ ಹರಿದುಬರುವ ನೀರಿನಲ್ಲಿ, ಸಂದಿಯಲ್ಲಿ ಕೊಳೆತ ಎಲೆಯಲ್ಲಿ ಸಿಗುತ್ತದೆ. ಆಶ್ರಯ ಕೊಟ್ಟ ಮರ ಸತ್ತು ಒಣಗಿದರೂ ಅದರ ಮೇಲಿನ ವಾಂಡಾ ಸ್ವಲ್ಪ ಕಾಲ ಚೆನ್ನಾಗಿಯೇ ಇರುತ್ತದೆ.

## ಗಾಳಿಯಲ್ಲಿ ತೂಗುವ ಬೇರು

ವಾಂಡಾ ಬೇರನ್ನು ಒಮ್ಮೆ ಹತ್ತಿರದಿಂದ ನೋಡಿ. ಪೆನ್ಸಿಲ್‌ನಷ್ಟು ದಪ್ಪ, ಬೆಳ್ಳಿ ಬೂದಿ ಬಣ್ಣ, ತುದಿ ಮಾತ್ರ ಹಸಿರು. ಅದರ ಮೇಲೆ ನೀರು ಚಿಮುಕಿಸಿದರೆ ಕೆಲವೇ ಕ್ಷಣದಲ್ಲಿ ಬೂದಿ ಬಣ್ಣ ಹೋಗಿ ಇಡೀ ಬೇರು ಹಸಿರಾಗುತ್ತದೆ.

ಆಗುವುದು ಇಷ್ಟು. ಬೇರಿನ ಹೊರಗೆ ಸತ್ತ ಕೋಶಗಳ ಕೆಲವು ಪದರಗಳಿವೆ. ಇದಕ್ಕೆ ವೆಲಮೆನ್ ಎಂದು ಹೆಸರು. ಒಣಗಿದಾಗ ಆ ಖಾಲಿ ಕೋಶಗಳಲ್ಲಿ ಗಾಳಿ ತುಂಬಿರುತ್ತದೆ, ಹಾಗಾಗಿ ಬೆಳಕು ಚದುರಿ ಬೇರು ಬೆಳ್ಳಗೆ ಕಾಣುತ್ತದೆ. ನೀರು ಬಿದ್ದ ಕೂಡಲೇ ಅವು ತುಂಬಿಕೊಂಡು ಪಾರದರ್ಶಕವಾಗುತ್ತವೆ. ಆಗ ಒಳಗಿನ ಹಸಿರು ಕಾಣುತ್ತದೆ. ಹೌದು, ಈ ಬೇರಿನೊಳಗೆ ಹರಿತ್ತು ಇದೆ, ಬೇರು ಕೂಡ ಸ್ವಲ್ಪ ಆಹಾರ ತಯಾರಿಸುತ್ತದೆ. ಮಳೆ ಬಂದದ್ದು ಹತ್ತು ನಿಮಿಷವಾದರೂ ಸಿಕ್ಕ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಒಳಗೆ ಎಳೆದುಕೊಳ್ಳಲು ವೆಲಮೆನ್ ಇರುವುದು.

ಈ ಬೇರನ್ನು ಮಣ್ಣಿನೊಳಗೆ ಹೂತರೆ ಅದಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ವಾಂಡಾವನ್ನು ತೂಗುಹಾಕುವುದು ಅಲಂಕಾರಕ್ಕಲ್ಲ, ಅದರ ಅಗತ್ಯಕ್ಕೆ. ಮನೆಯಲ್ಲಿ ಬೆಳೆಸುವವರು ಬೇರು ಪೂರ್ತಿ ಹಸಿರಾಗುವ ತನಕ ನೀರು ಕೊಟ್ಟು, ಮತ್ತೆ ಬೂದಿ ಬಣ್ಣಕ್ಕೆ ತಿರುಗಲು ಬಿಟ್ಟರೆ ಸಾಕು. ಬೆಂಗಳೂರಿನಂಥ ಒಣ ಹವೆಯಲ್ಲಿ ಬೇಸಿಗೆಯಲ್ಲಿ ಇದು ದಿನಾ ಮಾಡಬೇಕಾದ ಕೆಲಸ.

ನೀರು ಉಳಿಸಲು ವಾಂಡಾ ಇನ್ನೊಂದು ಉಪಾಯ ಮಾಡಿಕೊಂಡಿದೆ. ಸಾಮಾನ್ಯ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತವೆ. ಬಿಸಿಲಲ್ಲಿ ರಂಧ್ರ ತೆರೆದರೆ ನೀರೂ ಆವಿಯಾಗಿ ಹೋಗುತ್ತದೆ. ವಾಂಡಾ ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಡುತ್ತದೆ, ಹಗಲು ರಂಧ್ರ ಮುಚ್ಚಿಕೊಂಡು ಅದನ್ನೇ ಬಳಸಿ ಆಹಾರ ಮಾಡುತ್ತದೆ. ಕಳ್ಳಿ ಗಿಡಗಳೂ ಅನಾನಸ್ಸೂ ಹೀಗೇ ಮಾಡುತ್ತವೆ.

ಬೆಳೆಯುವ ರೀತಿಯನ್ನೂ ಗಮನಿಸಿ. ಡೆಂಡ್ರೋಬಿಯಂನಂಥ ಆರ್ಕಿಡ್ ಬುಡದಿಂದ ಹೊಸ ಹೊಸ ಕಾಂಡ ಬಿಟ್ಟು ಅಗಲಕ್ಕೆ ಹರಡುತ್ತದೆ. ವಾಂಡಾಕ್ಕೆ ಒಂದೇ ಕಾಂಡ, ಅದು ಮೇಲಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಪಟ್ಟಿಯಂಥ ಎಲೆಗಳು ಎಡಕ್ಕೊಂದು ಬಲಕ್ಕೊಂದು ಬರುತ್ತವೆ. ಹೂವಿನ ಕಡ್ಡಿ ಎಲೆಯ ಕಂಕುಳಿನಿಂದ ಹೊರಡುತ್ತದೆ, ತುದಿಯಿಂದ ಅಲ್ಲ. ಕೆಳಗಿನ ಎಲೆ ಹಳತಾಗಿ ಉದುರಿದರೆ ಆ ಜಾಗದಿಂದ ಹೊಸ ಬೇರು ಬರುತ್ತದೆ.

## ಹೂವನ್ನು ಹತ್ತಿರದಿಂದ

ಕರ್ನಾಟಕದಲ್ಲೂ ಇರುವ ವಾಂಡಾ ಟೆಸೆಲ್ಲಾಟಾ ಎಂಬ ಪ್ರಭೇದವನ್ನೇ ತೆಗೆದುಕೊಳ್ಳೋಣ. ಇದು ದಟ್ಟ ಕಾಡನ್ನೇ ಬಯಸುವ ಗಿಡವಲ್ಲ. ಬಯಲು ಸೀಮೆಯ ಒಣ ಕಾಡಿನ ಮರಗಳಲ್ಲಿ, ಮಾವಿನ ಮರದಲ್ಲಿ ಕೂಡ ಬೆಳೆಯುತ್ತದೆ. ಹೂವು ನಾಲ್ಕೈದು ಸೆಂಟಿಮೀಟರ್ ಅಗಲ. ಹಳದಿ ಮಿಶ್ರಿತ ಹಸಿರು ಎಸಳು, ಅದರ ಮೇಲೆಲ್ಲ ಕಂದು ಗೆರೆಗಳ ಬಲೆ, ಅಂಚು ಸುರುಟಿಕೊಂಡು ಅಲೆಅಲೆಯಾಗಿರುತ್ತದೆ. ಎಸಳನ್ನು ತಿರುಗಿಸಿದರೆ ಹಿಂಬದಿ ಬೆಳ್ಳಗೆ. ನಡುವೆ ಮುಂಚಾಚಿದ ಒಂದು ಭಾಗ ಮಾತ್ರ ನೀಲಿ ನೇರಳೆ. ಒಳ್ಳೆಯ ಪರಿಮಳವೂ ಇದೆ.

ಎಣಿಸಿ ನೋಡಿದರೆ ಎಸಳು ಆರು. ಹೊರಗಿನ ಸುತ್ತಿನಲ್ಲಿ ಮೂರು, ಒಳಗಿನ ಸುತ್ತಿನಲ್ಲಿ ಮೂರು. ಒಳಸುತ್ತಿನ ಮೂರರಲ್ಲಿ ಒಂದು ಮಾತ್ರ ಬೇರೆಯದೇ ಆಕಾರ ಪಡೆದಿದೆ, ಅದೇ ಆ ನೇರಳೆ ಭಾಗ. ಇದನ್ನು ತುಟಿ ಎನ್ನುತ್ತಾರೆ. ಕೀಟ ಬಂದು ಇಳಿಯುವ ಜಾಗ ಇದು. ಮೊಗ್ಗಿನಲ್ಲಿ ತುಟಿ ಮೇಲ್ಬದಿಯಲ್ಲಿರುತ್ತದೆ. ಅರಳುವ ಹೊತ್ತಿಗೆ ಹೂವಿನ ತೊಟ್ಟು ಅರ್ಧ ಸುತ್ತು ತಿರುಚಿಕೊಂಡು ತುಟಿಯನ್ನು ಕೆಳಗೆ ತರುತ್ತದೆ. ಅರಳಿದ ಹೂವಿನ ತೊಟ್ಟಿನಲ್ಲಿ ಆ ತಿರುಚು ಬರಿಗಣ್ಣಿಗೇ ಕಾಣುತ್ತದೆ. ತುಟಿಯ ಬುಡ ಹಿಂದಕ್ಕೆ ಚಾಚಿ ಒಂದು ಕೊಳವೆಯಾಗಿರುತ್ತದೆ. ಈ ಕೊಳವೆ ಕೆಲವು ಪ್ರಭೇದಗಳಲ್ಲಿ ಮೊಂಡು, ಕೆಲವದರಲ್ಲಿ ಬಹಳ ಉದ್ದ. ಈ ವಿಚಾರ ನೆನಪಿಡಿ, ಹೆಸರಿನ ಗಲಾಟೆಯಲ್ಲಿ ಇದು ಮತ್ತೆ ಬರುತ್ತದೆ.

ದಾಸವಾಳದಲ್ಲಿ ಕೇಸರವನ್ನೂ ಶಲಾಕೆಯನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ಆರ್ಕಿಡ್‌ನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಕೂಡಿಕೊಂಡು ಒಂದೇ ಗಿಡ್ಡ ಕಂಬವಾಗಿದೆ. ಕಂಬದ ತುದಿಯಲ್ಲೊಂದು ಸಣ್ಣ ಟೋಪಿ, ಅದರೊಳಗೆ ಪರಾಗ. ಆ ಪರಾಗವೂ ಪುಡಿಯಾಗಿರುವುದಿಲ್ಲ. ಎರಡು ಗಟ್ಟಿ ಹಳದಿ ಗುಂಡುಗಳಾಗಿ, ಒಂದು ಸಣ್ಣ ಕಡ್ಡಿಗೆ ಜೋಡಿಸಿಕೊಂಡಿರುತ್ತದೆ. ಕಡ್ಡಿಯ ಇನ್ನೊಂದು ತುದಿಯಲ್ಲಿ ಅಂಟಿನ ಬಿಲ್ಲೆ. ದುಂಬಿ ತುಟಿಯ ಮೇಲೆ ಇಳಿದು ಕೊಳವೆಗೆ ಮೂತಿ ಹಾಕಿ ಹಿಂದೆ ಸರಿಯುವಾಗ ಆ ಬಿಲ್ಲೆ ಅದರ ಮೈಗೆ ಅಂಟುತ್ತದೆ. ಟೋಪಿ ಕಳಚಿ ಇಡೀ ಪರಾಗದ ಜೋಡಿ ದುಂಬಿಯ ಜೊತೆ ಹೊರಡುತ್ತದೆ. ಮುಂದಿನ ಹೂವಿನ ಕಂಬದಲ್ಲಿರುವ ಅಂಟು ಗುಳಿಗೆ ಅದು ತಾಗಿದರೆ ಕೆಲಸ ಮುಗಿಯಿತು. ಒಂದು ತುಂಬು ಗಿಡದಲ್ಲಿ ಬೆಂಕಿಕಡ್ಡಿಯ ತುದಿಯಿಂದ ಕಂಬದ ತುದಿಯನ್ನು ಮೆಲ್ಲಗೆ ಮುಟ್ಟಿ ನೋಡಿ, ಎರಡು ಹಳದಿ ಗುಂಡು ಕಡ್ಡಿಗೆ ಅಂಟಿಕೊಂಡು ಬರುತ್ತವೆ. ನನಗೆ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಹೂವಿನ ಲೋಕದಲ್ಲಿ ಕಂಡಿಲ್ಲ.

ಒಂದು ಬೆಸುಗೆಯಿಂದ ಒಂದು ಕಾಯಿ. ಅದರೊಳಗೆ ಸಾವಿರಾರು ಬೀಜ, ಒಂದೊಂದೂ ದೂಳಿನಷ್ಟು ಸಣ್ಣದು. ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ಬಿದ್ದಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ, ಅದರಿಂದ ಆಹಾರ ದೊರೆತರೆ ಮಾತ್ರ ಮೊಳೆಯುತ್ತದೆ. ಶಿಲೀಂಧ್ರದ ಈ ಪಾತ್ರವನ್ನು 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ ಕಂಡುಕೊಂಡರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಗಾಜಿನ ಸೀಸೆಯಲ್ಲಿ, ಸಕ್ಕರೆ ಬೆರೆಸಿದ ಅಗರ್ ಎಂಬ ಲೋಳೆಯ ಮೇಲೆ ಶಿಲೀಂಧ್ರವೇ ಇಲ್ಲದೆ ಬೀಜ ಮೊಳೆಸಿ ತೋರಿಸಿದರು. ಇವತ್ತು ನರ್ಸರಿಯಲ್ಲಿ ಸಿಗುವ ಬಹುಪಾಲು ಆರ್ಕಿಡ್‌ಗಳ ಹಿಂದೆ ಆ ಗಾಜಿನ ಸೀಸೆಯ ವಿಧಾನವಿದೆ.

## ಮೊದಲು ಹೆಸರಿಟ್ಟವರು

ಗಿಡಗಳ ವೈಜ್ಞಾನಿಕ ಹೆಸರಿಗೆ ಎರಡು ಭಾಗ. ಮೊದಲನೆಯದು ಕುಲ, ಅಂದರೆ ಹತ್ತಿರದ ಸಂಬಂಧಿಗಳ ಗುಂಪು. ಎರಡನೆಯದು ಪ್ರಭೇದ, ಆ ಗುಂಪಿನೊಳಗಿನ ಒಂದು ನಿರ್ದಿಷ್ಟ ಗಿಡ. ವಾಂಡಾ ಎಂಬುದು ಕುಲದ ಹೆಸರು. ಹಲವು ಕುಲ ಸೇರಿ ಕುಟುಂಬ. ಆರ್ಕಿಡ್ ಕುಟುಂಬದಲ್ಲಿ ಸುಮಾರು 28,000 ಪ್ರಭೇದಗಳಿವೆ, ಹೂಬಿಡುವ ಸಸ್ಯಗಳ ಅತಿ ದೊಡ್ಡ ಕುಟುಂಬಗಳಲ್ಲಿ ಇದೊಂದು.

ಊರ ಹೆಸರೇ ಸಾಕಲ್ಲ, ಲ್ಯಾಟಿನ್ ಯಾಕೆ? ವಾಂಡಾ ಟೆಸೆಲ್ಲಾಟಾದ ಬೇರನ್ನೇ ನೋಡಿ. ಬಂಗಾಳದ ಕಡೆ ಆಯುರ್ವೇದದ ರಾಸ್ನಾ ಎಂದರೆ ಈ ಬೇರು. ಉತ್ತರ ಭಾರತದಲ್ಲಿ ರಾಸ್ನಾ ಎಂದು ಬಳಸುವುದು ಸೂರ್ಯಕಾಂತಿ ಕುಟುಂಬದ ಇನ್ನೊಂದು ಗಿಡ. ದಕ್ಷಿಣದಲ್ಲಿ ಶುಂಠಿ ಕುಟುಂಬದ ಒಂದು ಗೆಡ್ಡೆ. ಮೂರು ಕುಟುಂಬದ ಮೂರು ಗಿಡಕ್ಕೆ ಒಂದೇ ಹೆಸರು. ಔಷಧಿಯ ವಿಷಯದಲ್ಲಿ ಈ ಗೊಂದಲ ಸಣ್ಣದಲ್ಲ, ಅಲ್ವಾ?

1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಈಗಿನ ಹೆಸರಿನ ಪದ್ಧತಿಯನ್ನು ಸಸ್ಯಗಳಿಗೆ ಜಾರಿಗೆ ತಂದಾಗ ಉಷ್ಣವಲಯದ ಆರ್ಕಿಡ್‌ಗಳ ಬಗ್ಗೆ ಯುರೋಪಿಗೆ ಗೊತ್ತಿದ್ದದ್ದು ಬಹಳ ಕಡಿಮೆ. ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನೆಲ್ಲ ಅವರು ಎಪಿಡೆಂಡ್ರಂ ಎಂಬ ಒಂದೇ ಕುಲಕ್ಕೆ ಸೇರಿಸಿಬಿಟ್ಟರು. ಮಲಬಾರಿನ ಗಿಡಗಳನ್ನು ಡಚ್ ಅಧಿಕಾರಿ ವಾನ್ ರೀಡ್ ಹದಿನೇಳನೇ ಶತಮಾನದಲ್ಲೇ ಸ್ಥಳೀಯ ವೈದ್ಯರ ನೆರವಿನಿಂದ ಚಿತ್ರ ಸಮೇತ ದಾಖಲಿಸಿದ್ದರು. ಇಟ್ಟಿ ಅಚ್ಚುದನ್ ಎಂಬ ಮಲಯಾಳಿ ವೈದ್ಯರ ಜೊತೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಆ ಕೆಲಸದಲ್ಲಿದ್ದರು. ಅದರಲ್ಲಿದ್ದ ಹಳದಿ ಹೂವಿನ ಒಂದು ಆರ್ಕಿಡ್ ಲಿನೇಯಸ್ ಪಟ್ಟಿಯಲ್ಲಿ ಎಪಿಡೆಂಡ್ರಂ ಸ್ಪಾಥುಲಾಟಂ ಆಯಿತು.

1795ರಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ತೀರದ ಗಿಡಗಳನ್ನು ಪ್ರಕಟಿಸುವಾಗ ನಮ್ಮ ಚೌಕುಳಿ ಎಸಳಿನ ಹೂವಿಗೆ ಎಪಿಡೆಂಡ್ರಂ ಟೆಸೆಲ್ಲಾಟಂ ಎಂದು ಹೆಸರಿಟ್ಟರು. ಅದೇ ಕಾಲಕ್ಕೆ ಕಲ್ಕತ್ತಾದಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ ಮರದ ಮೇಲೆ ಬೆಳೆಯುವ ಗಿಡಗಳಿಗೆ ಸಂಸ್ಕೃತದಲ್ಲಿದ್ದ ವಂದಾ ಎಂಬ ಹೆಸರನ್ನು ಎತ್ತಿಕೊಂಡಿದ್ದರು. 1820ರಲ್ಲಿ ರಾಬರ್ಟ್ ಬ್ರೌನ್ ಆ ಹೆಸರನ್ನು ಹೊಸ ಕುಲಕ್ಕೆ ಕೊಟ್ಟು ಅಧಿಕೃತಗೊಳಿಸಿದರು. ಬ್ರೌನ್ ತಮ್ಮ ಮೊದಲ ಗಿಡವನ್ನು ವಾಂಡಾ ರಾಕ್ಸ್‌ಬರ್ಗಿ ಎಂದು ಕರೆದರು. ಆದರೆ ಅದು ರಾಕ್ಸ್‌ಬರ್ಗ್ ಆಗಲೇ ಹೆಸರಿಸಿದ್ದ ಟೆಸೆಲ್ಲಾಟಂ ಗಿಡವೇ ಆಗಿತ್ತು. ಹೆಸರಿಡುವ ನಿಯಮದ ಪ್ರಕಾರ ಮೊದಲು ಪ್ರಕಟವಾದದ್ದಕ್ಕೆ ಆದ್ಯತೆ. ಹಾಗಾಗಿ 1795ರ ಪ್ರಭೇದದ ಹೆಸರು ಉಳಿಯಿತು, 1820ರ ಕುಲದ ಹೆಸರು ಅದಕ್ಕೆ ಸೇರಿತು: ವಾಂಡಾ ಟೆಸೆಲ್ಲಾಟಾ. ಇಡೀ ವಾಂಡಾ ಕುಲಕ್ಕೆ ಇದೇ ಮಾದರಿ ಗಿಡ. ಮುಂದೆ ಕುಲ ಒಡೆದರೂ ಸೇರಿದರೂ, ವಾಂಡಾ ಎಂಬ ಹೆಸರು ಈ ಗಿಡ ಇರುವ ಗುಂಪಿಗೇ ಹೋಗುತ್ತದೆ.

## ಹೂವಿನ ವೇಷ ನಂಬಿದ ಕಾಲ

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಶ್ರೀಮಂತರಿಗೆ ಆರ್ಕಿಡ್ ಹುಚ್ಚು ಹತ್ತಿತು. 1837ರಲ್ಲಿ ವಿಲಿಯಂ ಗ್ರಿಫಿತ್ ಖಾಸಿ ಬೆಟ್ಟದಲ್ಲಿ ನೀಲಿ ಹೂವಿನ ವಾಂಡಾ ಕಂಡರು. 1847ರಲ್ಲಿ ಜಾನ್ ಲಿಂಡ್ಲಿ ಅದಕ್ಕೆ ವಾಂಡಾ ಸೆರುಲಿಯಾ ಎಂದು ಹೆಸರು ಪ್ರಕಟಿಸಿದರು. ಆಮೇಲೆ ಅಲ್ಲಿಗೆ ಹೋದ ಜೋಸೆಫ್ ಹೂಕರ್ ಏಳು ಆಳುಗಳು ಹೊರುವಷ್ಟು ಗಿಡ ಕೀಳಿಸಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳಿಸಿದರು. ಅದರಲ್ಲಿ ಜೀವಂತವಾಗಿ ತಲುಪಿದ್ದು ಕೆಲವೇ. ಒಂದು ಬೆಟ್ಟದ ಗಿಡ ಹೀಗೆ ಹೊರೆಹೊರೆಯಾಗಿ ಹೋಗಿ ದಾರಿಯಲ್ಲೇ ಸತ್ತದ್ದನ್ನು ಓದುವಾಗ ಈಗಲೂ ಸಂಕಟವಾಗುತ್ತದೆ.

ಹೀಗೆ ರಾಶಿರಾಶಿ ಬಂದ ಗಿಡಗಳನ್ನು ವಿಂಗಡಿಸಲು ಸಸ್ಯಶಾಸ್ತ್ರಜ್ಞರ ಕೈಯಲ್ಲಿದ್ದ ಸಾಧನ ಒಂದೇ, ಹೂವು. ತುಟಿಯ ಆಕಾರ, ಕೊಳವೆಯ ಉದ್ದ, ಕಂಬದ ಬುಡ, ಪರಾಗದ ಗುಂಡುಗಳ ಜೋಡಣೆ ಇವೇ ಆಧಾರ. ಚಪ್ಪಟೆ ದೊಡ್ಡ ಹೂವಿನವು ವಾಂಡಾದಲ್ಲಿ ಉಳಿದವು. ಗಿಡ್ಡ ಗಿಡ, ಒತ್ತೊತ್ತಾಗಿ ಬಿಡುವ ಪುಟ್ಟ ಕಡುಬಣ್ಣದ ಹೂವು ಇದ್ದವನ್ನು ಜರ್ಮನಿಯ ರುಡಾಲ್ಫ್ ಶ್ಲೆಕ್ಟರ್ 1913ರಲ್ಲಿ ಅಸ್ಕೊಸೆಂಟ್ರಂ ಎಂಬ ಬೇರೆ ಕುಲ ಮಾಡಿದರು. ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ಅಂಗೈ ಅಗಲದ ವಾಲಿಂಗ್ ವಾಲಿಂಗ್ ಹೂವಿಗೆ ಕೊಳವೆಯೇ ಇಲ್ಲ ಎನ್ನುವಂತಿರುತ್ತದೆ. ಅದನ್ನೂ ಅವರೇ ವಾಂಡಾದಿಂದ ತೆಗೆದು ಯುವಾಂಥೆ ಎಂಬ ಕುಲದಲ್ಲಿಟ್ಟರು.

ಜಪಾನಿನ ಗಿಡದ್ದು ಇನ್ನೂ ಸ್ವಾರಸ್ಯ. ಅಲ್ಲಿ ಅದನ್ನು ಫೂರಾನ್ ಎನ್ನುತ್ತಾರೆ, ಎಷ್ಟೋ ತಲೆಮಾರಿನಿಂದ ಕುಂಡದಲ್ಲಿ ಮುದ್ದಾಗಿ ಸಾಕುತ್ತ ಬಂದಿದ್ದಾರೆ. ಗಿಡ ಗೇಣುದ್ದವೂ ಇರುವುದಿಲ್ಲ. ಹೂವು ಅಪ್ಪಟ ಬಿಳಿ, ಹಿಂದೆ ಬಾಗಿದ ಉದ್ದನೆಯ ಕೊಳವೆ, ರಾತ್ರಿ ಜಾಸ್ತಿಯಾಗುವ ಪರಿಮಳ. 1784ರಲ್ಲಿ ಥುನ್‌ಬರ್ಗ್ ಇದನ್ನು ಆರ್ಕಿಸ್ ಫಾಲ್ಕಾಟಾ ಎಂದರು. 1854ರಲ್ಲಿ ಬೇರ್ ಎಂಬುವರು ವಾಂಡಾಕ್ಕೆ ಸೇರಿಸಿದರು, ಯಾರೂ ಕಿವಿಗೊಡಲಿಲ್ಲ. 1925ರಲ್ಲಿ ಅದಕ್ಕೆ ನಿಯೋಫಿನೆಟಿಯಾ ಎಂಬ ಸ್ವಂತ ಕುಲ ಸಿಕ್ಕಿತು. ನೀಲಿ ವಾಂಡಾ ಪಕ್ಕದಲ್ಲಿಟ್ಟರೆ ಇವೆರಡೂ ನೆಂಟರು ಎಂದು ಯಾರಿಗೂ ಅನ್ನಿಸುವುದಿಲ್ಲ.

ತೊಂದರೆ ಇದ್ದದ್ದು ಇಲ್ಲೇ. ಹೂವು ಅರಳುವುದು ಪರಾಗ ಸಾಗಿಸುವವರಿಗಾಗಿ. ರಾತ್ರಿ ಹಾರುವ ಉದ್ದ ಸೊಂಡಿಲಿನ ಪತಂಗವನ್ನು ಕರೆಯಬೇಕಾದ ಹೂವಿಗೆ ಬಿಳಿ ಬಣ್ಣ, ರಾತ್ರಿಯ ಪರಿಮಳ, ಉದ್ದ ಕೊಳವೆ ಬೇಕು. ಹಗಲಿನ ದುಂಬಿಯನ್ನು ಕರೆಯುವ ಹೂವಿಗೆ ಬೇರೆಯೇ ರೂಪ ಬೇಕು. ಅತಿಥಿ ಬದಲಾದರೆ, ಒಂದೇ ಮೂಲದಿಂದ ಬಂದ ಎರಡು ಗಿಡಗಳ ಹೂವು ಕೆಲವೇ ಹಂತಗಳಲ್ಲಿ ಗುರುತು ಸಿಗದಷ್ಟು ದೂರ ಹೋಗಬಹುದು. ಹಾಗೆಯೇ, ದೂರದ ಎರಡು ಗಿಡಗಳಿಗೆ ಒಂದೇ ಬಗೆಯ ಕೀಟ ಬರುವುದಾದರೆ ಅವುಗಳ ಹೂವು ಒಂದಕ್ಕೊಂದು ಹೋಲಲೂಬಹುದು. ಹೂವನ್ನು ಮಾತ್ರ ನೋಡಿದವರು ಅತಿಥಿ ಯಾರು ಎಂಬುದನ್ನು ಓದುತ್ತಿದ್ದರು, ಪೂರ್ವಜರು ಯಾರು ಎಂಬುದನ್ನಲ್ಲ.

## ಡಿಎನ್‌ಎ ಹೇಳಿದ್ದು

ಈಗ ಕುಲ ಎಂದರೆ ಏನು ಎಂಬುದಕ್ಕೆ ಸಸ್ಯಶಾಸ್ತ್ರಜ್ಞರು ಒಂದು ಕಟ್ಟುನಿಟ್ಟಿನ ನಿಯಮ ಇಟ್ಟುಕೊಂಡಿದ್ದಾರೆ. ಒಬ್ಬ ಅಜ್ಜಿಯ ಸಂತಾನವನ್ನು ಒಂದು ಮನೆತನ ಎಂದು ಬರೆಯುವುದಾದರೆ ಅವಳ ಎಲ್ಲ ಮಕ್ಕಳು, ಮೊಮ್ಮಕ್ಕಳು ಅದರಲ್ಲಿರಬೇಕು. ಒಬ್ಬ ಮೊಮ್ಮಗ ಜಪಾನಿಗೆ ಹೋಗಿ ವೇಷ ಬದಲಿಸಿದ ಅಂತ ಅವನೊಬ್ಬನನ್ನು ಬಿಡುವಂತಿಲ್ಲ. ಮನೆಯವರಂತೆಯೇ ಕಾಣುತ್ತಾನೆ ಅಂತ ಪಕ್ಕದ ಮನೆಯವನನ್ನು ಸೇರಿಸುವಂತೆಯೂ ಇಲ್ಲ. ಕುಲಕ್ಕೂ ಇಷ್ಟೇ: ಒಂದೇ ಪೂರ್ವಜ, ಅದರಿಂದ ಬಂದ ಎಲ್ಲರೂ ಒಳಗೆ, ಬೇರೆಯವರು ಹೊರಗೆ.

ಯಾರು ಯಾರ ಸಂತಾನ ಎಂದು ತಿಳಿಯಲು ಡಿಎನ್‌ಎ ನೆರವಾಗುತ್ತದೆ. ಬೇರೆ ಬೇರೆ ಪ್ರಭೇದಗಳಿಂದ ಡಿಎನ್‌ಎಯ ಅದೇ ತುಣುಕನ್ನು ತೆಗೆದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ. ಕಾಲ ಕಳೆದಂತೆ ಅಲ್ಲಲ್ಲಿ ಅಕ್ಷರ ಬದಲಾಗುತ್ತಿರುತ್ತದೆ. ಎರಡು ಪ್ರಭೇದಗಳಲ್ಲಿ ಒಂದೇ ಬಗೆಯ ಬದಲಾವಣೆಗಳು ಜಾಸ್ತಿ ಇದ್ದರೆ ಅವು ಈಚೆಗೆ ಬೇರೆಯಾದವು. ಹಸಿರುಕಣಗಳೊಳಗಿನ ಡಿಎನ್‌ಎಯನ್ನು ಈ ಕೆಲಸಕ್ಕೆ ಹೆಚ್ಚಾಗಿ ಬಳಸುತ್ತಾರೆ. ಹೂವಿನ ರೂಪ ಕೀಟಕ್ಕೆ ತಕ್ಕ ಹಾಗೆ ಬದಲಾದರೂ ಈ ತುಣುಕುಗಳಿಗೆ ಅದರ ಒತ್ತಡ ತಟ್ಟುವುದಿಲ್ಲ.

ಹೀಗೆ ಹೋಲಿಸಿದಾಗ ಅಸ್ಕೊಸೆಂಟ್ರಂ, ಯುವಾಂಥೆ, ನಿಯೋಫಿನೆಟಿಯಾ ಇವೆಲ್ಲ ವಾಂಡಾದ ಹೊರಗಿರಲಿಲ್ಲ, ಅದರ ಕವಲುಗಳ ನಡುವೆಯೇ ಇದ್ದವು. ಆಗ ಇದ್ದದ್ದು ಎರಡು ದಾರಿ. ವಾಂಡಾವನ್ನೇ ಹತ್ತಾರು ಸಣ್ಣ ಕುಲಗಳಾಗಿ ಒಡೆಯುವುದು ಒಂದು. ಎಲ್ಲವನ್ನೂ ವಾಂಡಾ ಎಂದು ಕರೆಯುವುದು ಇನ್ನೊಂದು. ಸಂಶೋಧಕಿ ಲಾರೆನ್ ಗಾರ್ಡಿನರ್ 2012ರಲ್ಲಿ ಎರಡನೆಯ ದಾರಿ ಹಿಡಿದು ಹೊಸ ಹೆಸರುಗಳನ್ನು ಪ್ರಕಟಿಸಿದರು. ಅದೇ ಈಗ ಹೆಚ್ಚಾಗಿ ಬಳಕೆಯಲ್ಲಿದೆ. ಒಡೆದಿದ್ದರೆ ಎಷ್ಟೋ ಹಳೆಯ ವಾಂಡಾಗಳಿಗೆ ಅಪರಿಚಿತ ಹೆಸರು ಬರುತ್ತಿತ್ತು. ಸೇರಿಸಿದ್ದರಿಂದ ಬದಲಾವಣೆ ಕಡಿಮೆ ಗಿಡಗಳಿಗೆ ತಟ್ಟಿತು. ಇದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಸೇರಿದ ಗುಂಪಿಗೆ ವಾಂಡಾ ಎಂಬ ಹೆಸರೇ ಯಾಕೆ? ಹಿಂದೆ ಹೇಳಿದ ಆದ್ಯತೆಯ ನಿಯಮ. 1820ರ ವಾಂಡಾ, 1913ರ ಅಸ್ಕೊಸೆಂಟ್ರಂಗಿಂತಲೂ 1925ರ ನಿಯೋಫಿನೆಟಿಯಾಗಿಂತಲೂ ಹಳೆಯದು. ಪ್ರಭೇದದ ಹೆಸರು ಮಾತ್ರ ಉಳಿಯುತ್ತದೆ, ಲ್ಯಾಟಿನ್ ವ್ಯಾಕರಣದಲ್ಲಿ ಕುಲದ ಹೆಸರಿನ ಲಿಂಗಕ್ಕೆ ತಕ್ಕಂತೆ ಅದರ ಕೊನೆ ಬದಲಾಗುತ್ತದೆ. ಅಸ್ಕೊಸೆಂಟ್ರಂ ಅಂಪುಲೇಸಿಯಂ ಈಗ ವಾಂಡಾ ಅಂಪುಲೇಸಿಯಾ. ಹಾಗಾಗಿ ಹಳೆಯ ಚೀಟಿಯಲ್ಲಿರುವ ಎರಡನೇ ಪದ ಹಿಡಿದು ಹುಡುಕಿದರೆ ಹೊಸ ಹೆಸರು ಸುಲಭವಾಗಿ ಸಿಗುತ್ತದೆ.

## ಹೊರಗೆ ಹೋದವರು

ಕೆಲವು ಒಳಗೆ ಬಂದ ಹಾಗೆ ಕೆಲವು ಹೊರಗೂ ಹೋಗಿವೆ. 1893ರಲ್ಲಿ ಸಿಂಗಪುರದ ಸಸ್ಯೋದ್ಯಾನದ ಹೆನ್ರಿ ರಿಡ್ಲಿ ಒಂದು ಹೊಸ ಮಿಶ್ರತಳಿಯನ್ನು ವಿವರಿಸಿದರು. ಅಲ್ಲಿನ ಅರ್ಮೇನಿಯನ್ ಕುಟುಂಬದ ಆಗ್ನೆಸ್ ಜೋಕಿಂ ಅವರ ತೋಟದ ಹೂವು ಅದು, ಅವರ ಹೆಸರನ್ನೇ ಇಡಲಾಯಿತು. ವಾಂಡಾ ಟೆರೆಸ್ ಮತ್ತು ವಾಂಡಾ ಹೂಕೆರಿಯಾನಾ ಅದರ ತಂದೆತಾಯಿ. 1981ರಲ್ಲಿ ಅದು ಸಿಂಗಪುರದ ರಾಷ್ಟ್ರೀಯ ಹೂವಾಯಿತು.

ಆದರೆ ಆ ತಂದೆತಾಯಿಗಳ ಎಲೆ ಪಟ್ಟಿಯಂತಿಲ್ಲ, ದುಂಡಗೆ ಕಡ್ಡಿಯಂತಿದೆ. ಹೂವಿನ ಕಂಬದ ಬುಡ ಮುಂದಕ್ಕೆ ಚಾಚಿರುವ ರೀತಿಯೂ ಬೇರೆ. ಶ್ಲೆಕ್ಟರ್ 1915ರಲ್ಲೇ ಇವನ್ನು ಪ್ಯಾಪಿಲಿಯೊನಾಂಥೆ ಎಂಬ ಬೇರೆ ಕುಲ ಮಾಡಿದ್ದರು, 1974ರಲ್ಲಿ ಸಸ್ಯಶಾಸ್ತ್ರಜ್ಞ ಲೆಸ್ಲಿ ಗಾರೆ ಆ ಕುಲವನ್ನು ಮತ್ತೆ ಬಳಕೆಗೆ ತಂದರು. ಡಿಎನ್‌ಎ ಕೂಡ ಅದನ್ನೇ ಹೇಳಿತು. ಈಗ ಆ ಹೂವು ಪ್ಯಾಪಿಲಿಯೊನಾಂಥೆ ಮಿಸ್ ಜೋಕಿಂ. ಇಲ್ಲಿ ಹೂವು, ಎಲೆ ನೋಡಿಯೇ ಸರಿಯಾದ ತೀರ್ಮಾನಕ್ಕೆ ಬಂದಿದ್ದರು ಎಂಬುದನ್ನು ಮರೆಯಬಾರದು. ಹಳೆಯ ವಿಧಾನ ಎಲ್ಲ ಕಡೆಯೂ ತಪ್ಪಿತ್ತು ಎಂದಲ್ಲ.

ವಾನ್ ರೀಡ್ ಕಾಲದ ಆ ಹಳದಿ ಹೂವು ಎಪಿಡೆಂಡ್ರಂ ಆಗಿ, ವಾಂಡಾ ಸ್ಪಾಥುಲಾಟಾ ಆಗಿ, 1992ರಿಂದ ತಪ್ರೊಬೇನಿಯಾ ಎಂಬ ಕುಲದಲ್ಲಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಗಿಡ ಅದು.

## ಚೀಟಿ ಓದುವುದು ಹೇಗೆ

ನರ್ಸರಿಯಲ್ಲಿ ಸಿಗುವ ಹೆಚ್ಚಿನವು ಮಿಶ್ರತಳಿಗಳು. ಎರಡು ಕುಲಗಳನ್ನು ಕೂಡಿಸಿದರೆ ಎರಡೂ ಹೆಸರು ಬೆರೆಸಿ ಹೊಸ ಹೆಸರು ಮಾಡುವುದು ರೂಢಿ. ಅಸ್ಕೊಸೆಂಟ್ರಂ, ವಾಂಡಾ ಸೇರಿ ಅಸ್ಕೊಸೆಂಡಾ ಆದದ್ದು ಹೀಗೆ. ಅಸ್ಕೊಸೆಂಟ್ರಂ ವಾಂಡಾದಲ್ಲಿ ಸೇರಿಹೋದ ಮೇಲೆ ಅಸ್ಕೊಸೆಂಡಾಗೂ ಅರ್ಥ ಉಳಿಯಲಿಲ್ಲ, ಅದೂ ವಾಂಡಾ. ಆದರೆ ಅಂಗಡಿಯವರು ಹಳೆಯ ಹೆಸರನ್ನು ಈಗಲೂ ಬಳಸುತ್ತಾರೆ, ಅದರಲ್ಲಿ ಮೋಸವೇನೂ ಇಲ್ಲ. ಅಸ್ಕೊಸೆಂಡಾ ಎಂದಿದ್ದರೆ ಸಾಮಾನ್ಯವಾಗಿ ಗಿಡ ಗಿಡ್ಡ, ಹೂವು ಸ್ವಲ್ಪ ಸಣ್ಣದು, ಸಂಖ್ಯೆ ಜಾಸ್ತಿ ಎಂದು ಅರ್ಥ ಮಾಡಿಕೊಳ್ಳಬಹುದು. ದೊಡ್ಡ ನೀಲಿ ನೇರಳೆ ಹೂವಿನ ತಳಿಗಳ ಹಿಂದೆ ಸಾಮಾನ್ಯವಾಗಿ ಖಾಸಿ ಬೆಟ್ಟದ ಸೆರುಲಿಯಾ ಮತ್ತು ಮಿಂಡನಾವೊದ ವಾಲಿಂಗ್ ವಾಲಿಂಗ್ ಇರುತ್ತವೆ. ಬಹಳ ಹೆಸರುವಾಸಿಯಾದ ವಾಂಡಾ ರಾತ್‌ಶಿಲ್ಡಿಯಾನಾ ಈ ಎರಡರ ನೇರ ಮಗು.

ಕಾನೂನಿನಲ್ಲೂ ಹೆಸರಿನ ವಿಚಾರ ಬರುತ್ತದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರ ತಿದ್ದುಪಡಿಯಲ್ಲಿ ಕೆಲವು ಸಸ್ಯಗಳನ್ನು ಸೇರಿಸಿದಾಗ ಅದರಲ್ಲಿ ನೀಲಿ ವಾಂಡಾ, ಕೆಂಪು ವಾಂಡಾ ಎರಡೂ ಇದ್ದವು. ಕೆಂಪು ವಾಂಡಾ ಎಂದರೆ ಈಶಾನ್ಯ ಭಾರತದ ರೆನಾಂಥೆರಾ ಇಂಶೂಟಿಯಾನಾ. ಅದು ವಾಂಡಾ ಕುಲದ್ದಲ್ಲ, ಆ ಹೆಸರು ರೂಢಿಯಿಂದ ಬಂದದ್ದು. ಪಟ್ಟಿಯಲ್ಲಿ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆದದ್ದರಿಂದ ಯಾವ ಗಿಡಕ್ಕೆ ರಕ್ಷಣೆ ಎಂಬುದರಲ್ಲಿ ಗೊಂದಲವಿಲ್ಲ. ದೇಶದಿಂದ ದೇಶಕ್ಕೆ ಸಾಗಿಸುವುದಾದರೆ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಆರ್ಕಿಡ್ ಕುಟುಂಬಕ್ಕೆಲ್ಲ ಅನ್ವಯಿಸುತ್ತದೆ. ನೀಲಿ ವಾಂಡಾ ಮೊದಲು ಅದರ ಅತಿ ಕಠಿಣವಾದ ಮೊದಲನೇ ಪಟ್ಟಿಯಲ್ಲಿತ್ತು. 2004ರ ಸಭೆಯಲ್ಲಿ ಅದನ್ನು ಎರಡನೇ ಪಟ್ಟಿಗೆ ಇಳಿಸಿದರು.

ಕೊಳ್ಳುವಾಗ ಸೀಸೆಯಲ್ಲಿ ಬೆಳೆಸಿದ ತಳಿಯನ್ನೇ ಕೇಳಿ. ಕಾಡಿನಿಂದ ಕಿತ್ತ ಗಿಡದ ಬೇರಿಗೆ ತೊಗಟೆಯ ಚೂರು ಅಂಟಿರುತ್ತದೆ, ಬೇರುಗಳು ಅರ್ಧಕ್ಕೆ ಮುರಿದಿರುತ್ತವೆ, ಎಲೆಯ ಮೇಲೆ ಹಳೆಯ ಗಾಯ, ಕಲೆ ಕಾಣುತ್ತವೆ. ಅಂಥದ್ದನ್ನು ಕೊಳ್ಳಬೇಡಿ. ನಿಮ್ಮ ತೋಟದಲ್ಲೇ ಗಾಳಿಮಳೆಗೆ ಕೊಂಬೆ ಮುರಿದು ವಾಂಡಾ ನೆಲಕ್ಕೆ ಬಿದ್ದಿದ್ದರೆ, ಕೊಂಬೆಯ ತುಂಡಿನ ಸಮೇತ ಎತ್ತಿ ಪಕ್ಕದ ಮಾವಿನ ಮರಕ್ಕೆ ಬಾಳೆನಾರಿನಿಂದ ಕಟ್ಟಿ. ಬೆಳಗಿನ ಬಿಸಿಲು ಬೀಳುವ ಬದಿ ಒಳ್ಳೆಯದು. ಹೊಸ ಬೇರು ತೊಗಟೆ ಹಿಡಿಯುವ ತನಕ ಮಳೆಯಿಲ್ಲದ ದಿನಗಳಲ್ಲಿ ನೀರು ಚಿಮುಕಿಸುತ್ತಿರಿ.